ಒಂಬತ್ತು ವರ್ಷ ಬದುಕಿದ ಊರಿನ ಕಥೆ ಈಗ ಗೊತ್ತಾಯಿತು. ಎಲ್ಲಿಂದ ಓದಲು ಶುರು ಮಾಡಲಿ?

ಫೋರ್ಸೈತ್ ಸೊಸೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನಗೆ ಬೇಕಾಗಿರುವುದು ಪುಸ್ತಕ, ಸಿನಿಮಾ, ಪಾಡ್‌ಕಾಸ್ಟ್‌ಗಳ ಸಲಹೆ. ಆದರೆ ಹಿನ್ನೆಲೆ ಹೇಳದೆ ಕೇಳಿದರೆ ನೀವು ಎಲ್ಲೋ ಸಿಕ್ಕಿದ ಹತ್ತು ಪುಸ್ತಕಗಳ ಪಟ್ಟಿ ತಂದು ಅಂಟಿಸಿ ಹೋಗುತ್ತೀರಿ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾವಿರುವುದು ಅಟ್ಲಾಂಟಾದ ಉತ್ತರಕ್ಕೆ, ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಯಲ್ಲಿ. ಎರಡೂವರೆ ಲಕ್ಷ ಜನಸಂಖ್ಯೆ. 2020ರ ಜನಗಣತಿಯ ಪ್ರಕಾರ ನೂರಕ್ಕೆ ಸುಮಾರು ಹದಿನೆಂಟು ಮಂದಿ ಏಷ್ಯಾ ಮೂಲದವರು, ನಮ್ಮ ದೇಶದವರಂತೂ ಬೇಕಾದಷ್ಟಿದ್ದೇವೆ. ನಮ್ಮ ಬೀದಿಯಲ್ಲಿ ಯುಗಾದಿಗೆ ಏಳು ಮನೆಗಳ ಬಾಗಿಲಿಗೆ ತೋರಣ ಕಟ್ಟಿರುತ್ತಾರೆ. ಒಂಬತ್ತು ವರ್ಷದ ಹಿಂದೆ ಮನೆ ಹುಡುಕುವಾಗ ಏಜೆಂಟರನ್ನು ನಾವು ಕೇಳಿದ್ದು ಒಂದೇ ಪ್ರಶ್ನೆ: ‘ಏರಿಯಾ ಚೆನ್ನಾಗಿದೆಯೇ?’ ಚೆನ್ನಾಗಿರುವುದು ಎಂದರೆ ಏನು ಎಂದು ನಾವೂ ಬಿಡಿಸಿ ಹೇಳಲಿಲ್ಲ, ಅವರೂ ಬಿಡಿಸಿ ಕೇಳಲಿಲ್ಲ. ಇಬ್ಬರಿಗೂ ಅರ್ಥವಾಗಿತ್ತು.

ಹೋದ ತಿಂಗಳು ನನ್ನ ಮಗಳು (ಹದಿನಾಲ್ಕು ವರ್ಷ) ಶಾಲೆಯ ಕೆಲಸಕ್ಕೆಂದು ಊರಿನ ಇತಿಹಾಸ ಹುಡುಕುತ್ತಿದ್ದಳು. ಊಟಕ್ಕೆ ಕೂತಾಗ ಕೇಳಿದಳು, ‘ಅಮ್ಮಾ, 1912ರಲ್ಲಿ ಈ ಕೌಂಟಿಯಲ್ಲಿದ್ದ ಕಪ್ಪು ಜನರನ್ನೆಲ್ಲ ಓಡಿಸಿದರು ಎನ್ನುವುದು ನಿನಗೆ ಗೊತ್ತಿತ್ತೇ?’ ನನಗೆ ಗೊತ್ತಿರಲಿಲ್ಲ. ಕೌಂಟಿಯ ಮುಖ್ಯ ಊರಾದ ಕಮಿಂಗ್ ಪೇಟೆಯಲ್ಲಿ ಅದರ ಬಗ್ಗೆ ಒಂದು ಫಲಕವೇ ಇದೆಯಂತೆ, 2021ರಲ್ಲಿ ನೆಟ್ಟದ್ದು. ಆ ದಾರಿಯಲ್ಲಿ ನಾನು ನೂರು ಸಲ ಓಡಾಡಿದ್ದೇನೆ.

ಇದಾಗಿ ನಾಲ್ಕು ದಿನಕ್ಕೆ ಅವಳ ಸಹಪಾಠಿಗಳು ಇಬ್ಬರು ಹುಡುಗರು ಅದೇ ಕೆಲಸಕ್ಕೆ ಮನೆಗೆ ಬಂದರು. ಒಬ್ಬ ಬಿಳಿಯ, ಒಬ್ಬ ಕಪ್ಪು. ಊರಿನಿಂದ ಬಂದಿರುವ ನಮ್ಮ ಅತ್ತೆ ಇಬ್ಬರಿಗೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟರು. ಕಪ್ಪು ಹುಡುಗ ಮೂರು ರೊಟ್ಟಿ ತಿಂದ. ಅತ್ತೆಗೆ ಖುಷಿಯೂ ಆಯಿತು. ಆದರೆ ಅವನು ಒಳಗೆ ಕಾಲಿಟ್ಟ ಕ್ಷಣದಲ್ಲಿ ಅವರು ಸೋಫಾದ ಮೇಲಿದ್ದ ತಮ್ಮ ಪರ್ಸನ್ನು ಎತ್ತಿ ಕೋಣೆಯೊಳಗೆ ಇಟ್ಟು ಬಂದಿದ್ದರು. ಬಿಳಿ ಹುಡುಗ ಅವನಿಗಿಂತ ಹತ್ತು ನಿಮಿಷ ಮೊದಲೇ ಬಂದಿದ್ದ, ಆಗ ಪರ್ಸ್ ಕದಲಿರಲಿಲ್ಲ. ಇದನ್ನು ನಾನು ನೋಡಲಿಲ್ಲ. ಮಗಳು ನೋಡಿದ್ದಾಳೆ. ರಾತ್ರಿ ಬಂದು ಹೇಳಿ ಅತ್ತಳು.

ಅತ್ತೆಯನ್ನು ದೂರಲು ನನಗೆ ಬಾಯಿಲ್ಲ. ನನಗೆ ಗಂಡು ನೋಡುವಾಗ ನಮ್ಮ ಸೋದರಮಾವ ಹೇಳುತ್ತಿದ್ದುದು, ‘ಹುಡುಗಿ ಸ್ವಲ್ಪ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ.’ ಆ ‘ಆದರೆ’ ಕೇಳಿಕೊಂಡು ಬೆಳೆದವಳು ನಾನು. ಅದೇ ನಾನು ಇದೇ ಊರಿನಲ್ಲಿ ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಯಾರು ಪಕ್ಕಕ್ಕೆ ಬಂದು ನಿಂತರೆ ಕಾರಿನ ಬಾಗಿಲು ಭದ್ರ ಮಾಡುತ್ತೇನೆ ಎಂದು ಯೋಚಿಸಿದರೆ ಅತ್ತೆಗೂ ನನಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಕಚೇರಿಗೆ ಹೋಗಲು ನಲವತ್ತು ನಿಮಿಷ, ಬರಲು ಒಂದು ಗಂಟೆ, ಆಗ ಕೇಳಬಹುದು. ರಾತ್ರಿ ಹತ್ತು ಪುಟ ಓದಬಹುದು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಸಿನಿಮಾ ಆದರೆ ಕೂತು ನೋಡುತ್ತಾರೆ. ಉಪದೇಶ ಮಾಡುವಂಥದ್ದು ಬೇಡ, ಅತ್ತೆ ಎದ್ದು ಹೋಗುತ್ತಾರೆ. ನಾನೂ ಹೋಗುತ್ತೇನೆ.

---

ಹಳೆಯ ಕಾರು ಉತ್ತರಿಸಿದ್ದು:

ನಾನು ಅಟ್ಲಾಂಟಾಕ್ಕೆ ಬಂದು ಇಪ್ಪತ್ತಮೂರು ವರ್ಷವಾಯಿತು. ನಿಮಗೆ ಹೇಳುವುದು ಇಷ್ಟೆ: ಅಮೆರಿಕದ ವರ್ಣಭೇದದ ಇಡೀ ಚರಿತ್ರೆಯನ್ನು ಮೊದಲಿನಿಂದ ಓದಲು ಹೋಗಬೇಡಿ. ನಾನು ಹಾಗೆ ಮಾಡಿ 1619ರಲ್ಲಿ ವರ್ಜೀನಿಯಾಕ್ಕೆ ಆಫ್ರಿಕದ ಗುಲಾಮರ ಹಡಗು ಬಂದಲ್ಲಿಂದ ಶುರುಮಾಡಿ ಅಂತರ್ಯುದ್ಧ ಮುಟ್ಟುವ ಮೊದಲೇ ಕೈಬಿಟ್ಟವನು. ನಿಮ್ಮ ಕಾಲ ಕೆಳಗಿನ ನೆಲದಿಂದಲೇ ಶುರುಮಾಡಿ.

ಪ್ಯಾಟ್ರಿಕ್ ಫಿಲಿಪ್ಸ್ ಎಂಬ ಕವಿ ನಿಮ್ಮ ಕೌಂಟಿಯಲ್ಲೇ ಬೆಳೆದವರು. ಅವರ ‘ಬ್ಲಡ್ ಅಟ್ ದ ರೂಟ್’ 2016ರಲ್ಲಿ ಬಂತು. ಮೊದಲು ಅದನ್ನು ಓದಿ. 1912ರ ಸೆಪ್ಟೆಂಬರಿನಲ್ಲಿ ಒಬ್ಬ ಬಿಳಿಯ ಯುವತಿಯ ಮೇಲೆ ಹಲ್ಲೆಯಾಯಿತು, ಎರಡು ವಾರದ ಮೇಲೆ ಆಕೆ ತೀರಿಕೊಂಡಳು. ಅದಕ್ಕೂ ಮೊದಲೇ, ಹಲ್ಲೆಯಾದ ಒಂದೆರಡು ದಿನಕ್ಕೆ, ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನು ಗುಂಪು ಜೈಲಿನಿಂದ ಎಳೆದು ತಂದು ಕೊಂದು ಪೇಟೆಯ ಚೌಕದಲ್ಲಿ ನೇತುಹಾಕಿತು. ಇನ್ನಿಬ್ಬರು ಹುಡುಗರಿಗೆ, ಒಬ್ಬನಿಗೆ ಹದಿನಾರು, ಇನ್ನೊಬ್ಬನಿಗೆ ಹದಿನೆಂಟು, ಅಕ್ಟೋಬರಿನಲ್ಲಿ ಗಲ್ಲು. ಸಾವಿರಾರು ಜನ ಗುಡ್ಡದ ಮೇಲೆ ಕೂತು ನೋಡಿದರು. ಈ ನಡುವೆಯೇ ರಾತ್ರಿ ಹೊತ್ತು ಕುದುರೆ ಸವಾರರು ಮನೆ, ಚರ್ಚುಗಳಿಗೆ ಬೆಂಕಿ ಹಚ್ಚುತ್ತ ಹೋದರು. 1910ರ ಗಣತಿಯಲ್ಲಿ ಅಲ್ಲಿದ್ದ ಕಪ್ಪು ಜನ 1,098. ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಖಾಲಿ. ಅವರಲ್ಲಿ ಸ್ವಂತ ಜಮೀನಿದ್ದವರೂ ಇದ್ದರು. ಕೆಲವರು ಸಿಕ್ಕಿದ ಬೆಲೆಗೆ ಮಾರಿದರು. ಇನ್ನು ಕೆಲವರ ಹೊಲಗಳಿಗೆ ಅಕ್ಕಪಕ್ಕದ ಬಿಳಿಯರು ಕಂದಾಯ ಕಟ್ಟುತ್ತ ಕಟ್ಟುತ್ತ ತಮ್ಮದೇ ಮಾಡಿಕೊಂಡರು. ಮಾರ್ಕೊ ವಿಲಿಯಮ್ಸ್ ಅವರ ‘ಬ್ಯಾನಿಶ್ಡ್’ ಎಂಬ ಸಾಕ್ಷ್ಯಚಿತ್ರ ಇದೇ ಎಳೆಯನ್ನು ಹಿಡಿದು ಹೊರಡುತ್ತದೆ, ಅದರಲ್ಲಿ ನಿಮ್ಮ ಕೌಂಟಿಯೂ ಇದೆ.

ಒಂದು ಎಚ್ಚರಿಕೆ. ನಿಮ್ಮ ಕೌಂಟಿಯ ಅಂಚಿನ ಲನಿಯರ್ ಸರೋವರದ ತಳದಲ್ಲಿ ಕಪ್ಪು ಜನರ ಊರು ಮುಳುಗಿದೆ, ಅದಕ್ಕೇ ಅಲ್ಲಿ ದೆವ್ವದ ಕಾಟ ಎಂಬ ಯೂಟ್ಯೂಬ್ ಕಥೆಗಳು ನಿಮಗೆ ಸಿಗುತ್ತವೆ, ಮಕ್ಕಳಿಗಂತೂ ಅದೇ ಇಷ್ಟ. ಅಣೆಕಟ್ಟೆಗೆ ನೀರು ತುಂಬಿದ್ದು 1950ರ ದಶಕದಲ್ಲಿ. ಅಷ್ಟು ಹೊತ್ತಿಗೆ ಆ ಜನ ಊರು ಬಿಟ್ಟು ನಲವತ್ತು ವರ್ಷ ದಾಟಿತ್ತು. ಅವರನ್ನು ಓಡಿಸಿದ್ದು ನೀರಲ್ಲ, ನೆರೆಹೊರೆಯವರು. ದೆವ್ವದ ಕಥೆಯಲ್ಲಿ ಆ ನೆರೆಹೊರೆಯವರು ಮಾಯವಾಗಿಬಿಡುತ್ತಾರೆ.

ಎರಡನೆಯದು ಇಸಬೆಲ್ ವಿಲ್ಕರ್ಸನ್ ಅವರ ‘ದ ವಾರ್ಮ್ತ್ ಆಫ್ ಅದರ್ ಸನ್ಸ್’. ದಪ್ಪ ಪುಸ್ತಕ, ಹೆದರಬೇಡಿ, ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ದಕ್ಷಿಣದ ರಾಜ್ಯಗಳಿಂದ ಉತ್ತರಕ್ಕೂ ಪಶ್ಚಿಮಕ್ಕೂ ಹೋದ ಅರವತ್ತು ಲಕ್ಷ ಕಪ್ಪು ಜನರ ವಲಸೆಯನ್ನು ಮೂವರ ಬದುಕಿನಲ್ಲಿ ಹೇಳಿದ್ದಾರೆ. ಅವರಲ್ಲಿ ಒಬ್ಬ ವೈದ್ಯ, ರಾಬರ್ಟ್ ಫಾಸ್ಟರ್. 1953ರಲ್ಲಿ ಲೂಯಿಸಿಯಾನಾದಿಂದ ಲಾಸ್ ಏಂಜಲೀಸಿಗೆ ಒಬ್ಬನೇ ಕಾರು ಓಡಿಸಿಕೊಂಡು ಹೋಗುತ್ತಾನೆ. ಅರಿಜೋನಾದ ಮರುಭೂಮಿಯಲ್ಲಿ ನಿದ್ದೆ ಎಳೆಯುತ್ತಿದೆ. ಒಂದಾದ ಮೇಲೊಂದು ಮೋಟೆಲಿನಲ್ಲಿ ಕೋಣೆ ಇಲ್ಲ ಎನ್ನುತ್ತಾರೆ, ಹೊರಗೆ ಖಾಲಿ ಇದೆ ಎಂಬ ದೀಪ ಉರಿಯುತ್ತಲೇ ಇರುತ್ತದೆ. ಕೊನೆಗೆ ಒಬ್ಬ ಯಜಮಾನ ಒಳಗೆ ಹೋಗಿ ಹೆಂಡತಿಯ ಜೊತೆ ಮಾತನಾಡಿ ಬಂದು ಹೇಳುತ್ತಾನೆ: ನಾವು ಈ ಕಡೆಯವರಲ್ಲ, ಇಲ್ಲಿಯವರ ಅಭಿಪ್ರಾಯ ನಮ್ಮದಲ್ಲ, ಆದರೆ ನಿಮಗೆ ಕೋಣೆ ಕೊಟ್ಟರೆ ಉಳಿದ ಮೋಟೆಲಿನವರು ನಮ್ಮನ್ನು ದೂರ ಇಡುತ್ತಾರೆ.

ಇದನ್ನು ನಾನು ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿಕೊಂಡು ಕೇಳಿದೆ. ನಮ್ಮಪ್ಪ ಮೈಸೂರಿನಲ್ಲಿ ಮನೆ ಬಾಡಿಗೆಗೆ ಕೊಡುವಾಗ ‘ನಿಮ್ಮ ಕಡೆಯವರು ಯಾರು?’ ಎಂದು ಸುತ್ತಿ ಬಳಸಿ ಕೇಳಿ, ಉತ್ತರ ಒಗ್ಗದಿದ್ದರೆ ‘ನಮಗೇನೂ ಅಭ್ಯಂತರವಿಲ್ಲ, ಅಕ್ಕಪಕ್ಕದವರು ಒಪ್ಪುವುದಿಲ್ಲ’ ಎನ್ನುತ್ತಿದ್ದರು. ಮಾತು ಅದೇ. ನಮ್ಮಪ್ಪ ಒಳ್ಳೆಯ ಮನುಷ್ಯರು, ಈಗಲೂ ಹಾಗೆಂದೇ ಹೇಳುತ್ತೇನೆ. ಆ ಮೋಟೆಲಿನವನೂ ಒಳ್ಳೆಯವನೇ ಇದ್ದಿರಬೇಕು.

ಕಾರಿನಲ್ಲಿ ಕೇಳಲು ‘ಸೀಯಿಂಗ್ ವೈಟ್’ ಎಂಬ ಸರಣಿ ಇದೆ, ‘ಸೀನ್ ಆನ್ ರೇಡಿಯೊ’ ಎಂಬ ಪಾಡ್‌ಕಾಸ್ಟಿನಲ್ಲಿ 2017ರಲ್ಲಿ ಬಂದದ್ದು. ಅದರ ಹತ್ತನೆಯ ಕಂತನ್ನು ಬೇಕಾದರೆ ಮೊದಲೇ ಕೇಳಿ, ಅದು ನಮ್ಮವನ ಕಥೆ. ಪಂಜಾಬಿನ ಭಗತ್ ಸಿಂಗ್ ಥಿಂದ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಹೊರಗಿನಿಂದ ಬಂದವರಿಗೆ ಪೌರತ್ವ ಸಿಗಬೇಕಾದರೆ ‘ಬಿಳಿಯ’ ಇಲ್ಲವೇ ಆಫ್ರಿಕ ಮೂಲದವರು ಆಗಿರಬೇಕಿತ್ತು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂದು ಅವರು ವಾದಿಸಿದರು. ಅಷ್ಟೇ ಅಲ್ಲ, ಅಮೆರಿಕದವರು ನೀಗ್ರೋಗಳನ್ನು ಹೇಗೆ ಕಾಣುತ್ತಾರೋ ಮೇಲ್ಜಾತಿಯ ಹಿಂದೂ ತನ್ನ ನೆಲದ ಮೂಲನಿವಾಸಿಗಳನ್ನು ಹಾಗೆಯೇ ಕಾಣುತ್ತಾನೆ ಎಂದೂ ಅವರ ಪರವಾದ ವಾದದಲ್ಲಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮೂರು ತಿಂಗಳ ಹಿಂದೆ ಜಪಾನಿನ ಒಜಾವಾ ಅವರ ಮೈಬಣ್ಣ ಬೆಳ್ಳಗಿದ್ದರೂ ಜನಾಂಗಶಾಸ್ತ್ರದ ಪ್ರಕಾರ ಕಾಕೇಶಿಯನ್ ಅಲ್ಲ ಎಂದು ತಳ್ಳಿದ ಅದೇ ನ್ಯಾಯಾಲಯ, ಥಿಂದ್ ವಿಷಯದಲ್ಲಿ ಶಾಸ್ತ್ರ ಏನಾದರೂ ಹೇಳಲಿ, ಸಾಮಾನ್ಯ ಜನ ಯಾರನ್ನು ಬಿಳಿಯ ಎನ್ನುತ್ತಾರೋ ಅವರೇ ಬಿಳಿಯರು ಎಂದಿತು. ಅಡ್ಡಗೋಡೆಯ ಮೇಲೆ ದೀಪ ಎಂದರೆ ಇದೇ.

ಒಂದು ಶನಿವಾರ ಬಿಡುವು ಮಾಡಿಕೊಂಡು ಅಲಬಾಮಾದ ಮಾಂಟ್ಗಮರಿಗೆ ಹೋಗಿಬನ್ನಿ. ಗುಂಪು ಹತ್ಯೆಗೆ ಬಲಿಯಾದವರ ಸ್ಮಾರಕ ಅಲ್ಲಿ 2018ರಲ್ಲಿ ತೆರೆಯಿತು. ಒಂದೊಂದು ಕೌಂಟಿಗೆ ಒಂದೊಂದು ತುಕ್ಕು ಬಣ್ಣದ ಉಕ್ಕಿನ ಕಂಬ, ಎಂಟುನೂರಕ್ಕೂ ಹೆಚ್ಚು. ಮೊದಲು ಕಂಬಗಳು ನಿಮ್ಮ ಎದುರಿಗೆ, ಕಣ್ಣಿನ ಮಟ್ಟದಲ್ಲಿ ಇರುತ್ತವೆ. ನಡೆಯುತ್ತ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ಅಲ್ಲೇ ಉಳಿಯುತ್ತವೆ. ಕೊನೆಗೆ ತಲೆಯೆತ್ತಿ ನೋಡಬೇಕು, ಎಲ್ಲ ಮೇಲೆ ತೂಗುತ್ತಿರುತ್ತವೆ. ಫೋರ್ಸೈತ್ ಹೆಸರಿನದೂ ಇದೆ.

---

ಬೋಸ್ಟನ್ ಬೈರಾಗಿ ಉತ್ತರಿಸಿದ್ದು:

ಹೊಟ್ಟೆಪಾಡಿಗೆ ಬಂದವರಿಗೆ ಇದೆಲ್ಲ ಯಾಕೆ ಬೇಕು? ಅವರನ್ನು ಓಡಿಸಿದವರು ನಾವಲ್ಲ, ಅವರನ್ನು ಹಡಗಿನಲ್ಲಿ ತಂದವರೂ ನಾವಲ್ಲ. ತೆರಿಗೆ ಕಟ್ಟುತ್ತೇವೆ, ಮಕ್ಕಳನ್ನು ಓದಿಸುತ್ತೇವೆ, ಅಷ್ಟು ಸಾಕು. ಅತ್ತೆಯ ಪರ್ಸ್ ಅತ್ತೆ ಎತ್ತಿಟ್ಟುಕೊಂಡರೆ ಅದಕ್ಕೊಂದು ಚರ್ಚೆ.

ಫೋರ್ಸೈತ್ ಸೊಸೆ:

ಮೊನ್ನೆಯವರೆಗೆ ನಾನೂ ಹೀಗೇ ಹೇಳುತ್ತಿದ್ದೆ. ಆದರೆ ಸರ್, ನಾವು ಬಂದ ಬಾಗಿಲು ಯಾವುದು? 1946ರ ಕಾನೂನಿನಲ್ಲಿ ಭಾರತದಿಂದ ವರ್ಷಕ್ಕೆ ನೂರು ಜನರಿಗೆ ಅವಕಾಶ ಇತ್ತಂತೆ. ನಮ್ಮಂಥವರಿಗೆ ಬಾಗಿಲು ಸರಿಯಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು ಬಂತು. ಬೀದಿಯಲ್ಲಿ ಲಾಠಿ ಏಟು ತಿಂದು ಆ ಗಾಳಿ ಬೀಸುವಂತೆ ಮಾಡಿದವರು ಯಾರು ಎಂದು ಯೋಚಿಸಿದರೆ, ನನ್ನ ಗಂಡನ ವೀಸಾಕ್ಕೂ ಅವರಿಗೂ ಸಂಬಂಧವಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಪರ್ಸಿನ ವಿಷಯ ಹೇಳಿದ್ದು ಚರ್ಚೆಗಲ್ಲ, ಮಗಳು ಅತ್ತದ್ದಕ್ಕೆ.

---

ಹಳಿಯಾಳದವನು ಉತ್ತರಿಸಿದ್ದು:

ಅಕ್ಕ, ನಾನು ಸಿದ್ದಿ ಸಮುದಾಯದವನು. ಹಳಿಯಾಳ ತಾಲ್ಲೂಕು, ಈಗ ಬೆಂಗಳೂರಿನಲ್ಲಿ ಕೆಲಸ. ನಮ್ಮ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದ ಪೂರ್ವ ಕರಾವಳಿಯಿಂದ ಗೋವಾಕ್ಕೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಎಂದು ಹೇಳುತ್ತಾರೆ. ಉತ್ತರ ಕನ್ನಡದಲ್ಲಿ ನಮ್ಮನ್ನು ಪರಿಶಿಷ್ಟ ಪಂಗಡ ಎಂದು ಸೇರಿಸಿದ್ದೇ 2003ರಲ್ಲಿ.

ಬೆಂಗಳೂರಿಗೆ ಬಂದ ಮೊದಲ ವಾರ ಬಸ್ಸಿನ ಕಂಡಕ್ಟರ್ ನನ್ನನ್ನು ಇಂಗ್ಲಿಷಿನಲ್ಲಿ ಎಲ್ಲಿಗೆ ಎಂದು ಕೇಳಿದರು. ‘ಯಶವಂತಪುರಕ್ಕೆ ಒಂದು ಕೊಡಿ, ಚಿಲ್ಲರೆ ಇದೆ’ ಎಂದೆ. ಅವರು ಚೀಟಿ ಹರಿಯುವುದನ್ನು ನಿಲ್ಲಿಸಿ ಪಕ್ಕದವರಿಗೆ ತೋರಿಸಿ ಹೇಳಿದರು, ‘ನೋಡಿ, ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದಾರೆ! ಇಲ್ಲೇ ಹುಟ್ಟಿದವರಿಗೆ ಬರುವುದಿಲ್ಲ.’ ಇಡೀ ಬಸ್ಸು ನನ್ನನ್ನು ಮೆಚ್ಚಿಕೊಂಡಿತು. ನಾನು ಯಾವ ಬಾಯಿಂದ ಬೇಡ ಎನ್ನಲಿ? ಬಾಡಿಗೆ ಮನೆಗೆ ಹೋದರೆ ಆಧಾರ್ ತೋರಿಸಿದ ಮೇಲೂ ಪಾಸ್‌ಪೋರ್ಟ್ ಕೇಳುತ್ತಾರೆ. ಕಂಡಕ್ಟರಿಗಿಂತ ಅದು ಹೆಚ್ಚು ನೋಯಿಸುತ್ತದೆ.

ಮೇಲಿನವರು ಒಬ್ಬನ ಮೇಲಿನ ಸಿಟ್ಟಿಗೆ ಸಾವಿರ ಜನರನ್ನು ಓಡಿಸಿದ ಕಥೆ ಬರೆದಿದ್ದಾರೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಕಡೆ ಏನಾಯಿತು ನೆನಪಿದೆಯೇ? ಸುಡಾನಿನ ವಿದ್ಯಾರ್ಥಿಯ ಕಾರು ಹರಿದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಆ ವಾರವೆಲ್ಲ ನಮ್ಮ ಹುಡುಗರು ಕೆಲಸ ಮುಗಿಸಿ ಕತ್ತಲಾಗುವ ಮೊದಲು ಕೋಣೆ ಸೇರುತ್ತಿದ್ದೆವು. ಪೋಲೀಸರು ಕೇಳಿದರೆ ಮೊದಲು ಕನ್ನಡದಲ್ಲಿ ಮಾತನಾಡು, ಆಮೇಲೆ ಕೈ ಜೇಬಿಗೆ ಹಾಕು ಎಂದು ಹಿರಿಯರು ಫೋನ್ ಮಾಡಿ ಹೇಳಿದ್ದರು.

ಪುಸ್ತಕ ಕೇಳಿದ್ದೀರಿ. ಅಲೆಕ್ಸ್ ಹೇಲಿಯ ‘ರೂಟ್ಸ್’ ಕನ್ನಡದಲ್ಲಿ ‘ತಲೆಮಾರು’ ಎಂಬ ಹೆಸರಿನಲ್ಲಿ ಬಂದಿದೆ, ನಿಮ್ಮ ಅತ್ತೆಯವರಿಗೆ ಓದುವ ಅಭ್ಯಾಸ ಇದ್ದರೆ ಕೊಡಿ. ಅದರ ವಂಶಾವಳಿಯ ವಿಷಯದಲ್ಲಿ ಇತಿಹಾಸಕಾರರ ತಕರಾರಿದೆ, ಕಾದಂಬರಿ ಎಂದೇ ಓದಬೇಕು. ನಾನು ಧಾರವಾಡದ ಹಾಸ್ಟೆಲಿನಲ್ಲಿ ಓದಿದೆ. ಕುಂಟಾ ಕಿಂಟೆಗೆ ಯಜಮಾನರು ಟೋಬಿ ಎಂದು ಹೆಸರಿಡುತ್ತಾರೆ, ಅವನು ಒಳಗೊಳಗೆ ತನ್ನ ಹೆಸರನ್ನು ಬಿಡುವುದಿಲ್ಲ. ಅಲ್ಲಿ ಪುಸ್ತಕ ಮಡಚಿ ಕೂತೆ. ನಮ್ಮ ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ ಅವರ ಅಜ್ಜಿಯ ಹೆಸರಿನವರೆಗೆ ಹೋಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಉಳಿದಿರುವುದು ಡಮಾಮಿ ಬಡಿತ, ಹಳೆಯ ಸೀರೆಗಳ ಚೂರು ಸೇರಿಸಿ ಹೊಲಿಯುವ ಕೌದಿ. ಅಜ್ಜಿ ಕೌದಿಯ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಹೊಲಿಯುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ.

ನಮ್ಮ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಎಲ್ಲದರಲ್ಲೂ ನಾವು ಕುಣಿಯುತ್ತಿರುತ್ತೇವೆ. ನಾನು ಲೆಕ್ಕಪತ್ರ ಬರೆಯುವವನು.

---

ನ್ಯೂಜೆರ್ಸಿ ಚಿಕ್ಕಮ್ಮ ಉತ್ತರಿಸಿದ್ದು:

ಅತ್ತೆಯವರಿಗೆ ‘ಮಿಸಿಸಿಪ್ಪಿ ಮಸಾಲಾ’ ಹಾಕಿ. ಮೀರಾ ನಾಯರ್, 1991. ಶರ್ಮಿಳಾ ಟ್ಯಾಗೋರ್ ಇದ್ದಾರೆ, ಅಷ್ಟು ಹೇಳಿದರೆ ಕೂರುತ್ತಾರೆ. ಹಾಸಿಗೆಯ ದೃಶ್ಯಗಳೂ ಇವೆ, ರಿಮೋಟ್ ನಿಮ್ಮ ಕೈಯಲ್ಲಿರಲಿ.

‘ಹಿಡನ್ ಫಿಗರ್ಸ್’ ಎಲ್ಲರೂ ಹೇಳುತ್ತಾರೆ, ನಾಸಾದಲ್ಲಿ ಲೆಕ್ಕ ಹಾಕುತ್ತಿದ್ದ ಕಪ್ಪು ಹೆಂಗಸರ ಕಥೆ, ಮಕ್ಕಳ ಜೊತೆ ನೋಡಲು ಚೆನ್ನಾಗಿದೆ. ಆದರೆ ಬಿಳಿಯ ಸಾಹೇಬ ಸುತ್ತಿಗೆ ಹಿಡಿದು ಕಪ್ಪು ಹೆಂಗಸರಿಗೆಂದಿದ್ದ ಬೇರೆ ಶೌಚಾಲಯದ ಫಲಕ ಒಡೆಯುವ ದೃಶ್ಯ ಕಟ್ಟುಕಥೆ. ನಿಜವಾದ ಕ್ಯಾಥರೀನ್ ಜಾನ್ಸನ್ ಯಾರ ಅಪ್ಪಣೆಗೂ ಕಾಯದೆ ಹತ್ತಿರದ ಶೌಚಾಲಯಕ್ಕೇ ಹೋಗುತ್ತಿದ್ದರು. ನನಗೆ ಆ ಹೆಂಗಸೇ ಹೆಚ್ಚು ಇಷ್ಟ.

---

ಫೋರ್ಸೈತ್ ಸೊಸೆ, ಮೂರು ವಾರದ ನಂತರ:

ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಫಿಲಿಪ್ಸ್ ಪುಸ್ತಕ ಮುಗಿಯಿತು. ಹತ್ತು ಪುಟದ ಲೆಕ್ಕ ಹಾಕಿಕೊಂಡಿದ್ದೆ, ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. ಅದರಲ್ಲಿ ಬರುವ ರಸ್ತೆ, ಹಳ್ಳ, ಗುಡ್ಡಗಳ ಹೆಸರುಗಳೆಲ್ಲ ನನಗೆ ಅಂಗಡಿ, ಶಾಲೆ, ಈಜುಕೊಳ ಎಂದು ಗೊತ್ತು. 1987ರ ಜನವರಿಯಲ್ಲಿ ಇಲ್ಲಿ ವರ್ಣಭೇದದ ವಿರುದ್ಧ ನಡೆದ ಮೆರವಣಿಗೆಯ ಮೇಲೆ ಕಲ್ಲು ತೂರಿದ್ದರಂತೆ. ಮುಂದಿನ ವಾರ ಮತ್ತೆ ಮೆರವಣಿಗೆ ಮಾಡಲು ಇಪ್ಪತ್ತು ಸಾವಿರ ಜನ ಬಂದರಂತೆ. ಅಂದರೆ ನಾನು ಪ್ರಾಥಮಿಕ ಶಾಲೆಯಲ್ಲಿದ್ದ ಕಾಲ. ಥಿಂದ್ ಕಂತನ್ನು ಎರಡು ಸಲ ಕೇಳಿದೆ, ಎರಡನೆಯ ಸಲ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೇಲ್ಜಾತಿಯ ವಾದ ಬಂದಾಗ ಅವರು ಏನೂ ಹೇಳದೆ ಧ್ವನಿ ಸ್ವಲ್ಪ ಕಡಿಮೆ ಮಾಡಿದರು. ಹಿಂದೆ ಮಗಳು ಕೂತಿದ್ದಳು. ವಿಲ್ಕರ್ಸನ್ ಇನ್ನೂ ನಡೆಯುತ್ತಿದೆ. ಹಳಿಯಾಳದ ತಮ್ಮ, ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ‘ಮೂಲೆಗೆ ಹೂವು ನಮ್ಮಲ್ಲಿ ಇಡುವುದಿಲ್ಲ, ಹೇಗೆ ಮಡಚುತ್ತಾರೆ ಕೇಳು’ ಎಂದರು. ಅವರಿಗೂ ಕೌದಿಯ ಹುಚ್ಚು. ದಯವಿಟ್ಟು ಅಜ್ಜಿಯವರನ್ನು ಕೇಳಿ ತಿಳಿಸಿ.

ಈಗ ಸಿನಿಮಾ. ಚಿಕ್ಕಮ್ಮ ಹೇಳಿದ್ದು ಸರಿ, ‘ಆರಾಧನಾ’ದ ಶರ್ಮಿಳಾ ಎಂದ ಕೂಡಲೇ ಅತ್ತೆ ಶೇಂಗಾ ಸುಲಿಯುವ ಮೊರ ತೆಗೆದುಕೊಂಡು ಬಂದು ಕೂತರು. ರಿಮೋಟ್ ನನ್ನ ಕೈಯಲ್ಲಿತ್ತು, ಎರಡು ಸಲ ಉಪಯೋಗವೂ ಆಯಿತು. ಆ ಹುಡುಗಿ ಕಪ್ಪು ಹುಡುಗನನ್ನು ಪ್ರೀತಿಸುವುದರ ಬಗ್ಗೆ ಅತ್ತೆ ಏನಾದರೂ ಹೇಳುತ್ತಾರೆ ಎಂದು ನಾನೂ ಮಗಳೂ ಕಾಯುತ್ತಿದ್ದೆವು. ಅವರ ಗಮನ ಅಲ್ಲಿರಲೇ ಇಲ್ಲ. ಅವರು ಹಿಡಿದುಕೊಂಡದ್ದು ಹುಡುಗಿಯ ಅಪ್ಪನನ್ನು. 1972ರಲ್ಲಿ ಉಗಾಂಡಾದಿಂದ ಹೊರದಬ್ಬಿಸಿಕೊಂಡವನು, ಮಿಸಿಸಿಪ್ಪಿಯ ಮೋಟೆಲಿನಲ್ಲಿ ಕೂತು ತನ್ನ ಮನೆ ವಾಪಸ್ ಕೊಡಿ ಎಂದು ಆ ಸರ್ಕಾರದ ಮೇಲೆ ವರ್ಷಗಟ್ಟಲೆ ದಾವೆ ಹೂಡಿಕೊಂಡೇ ಇರುತ್ತಾನೆ. ನಮ್ಮ ಮಾವನವರು ಹಾವೇರಿ ಕೋರ್ಟಿನಲ್ಲಿ ಎರಡು ಎಕರೆಗೆ ಹದಿನೇಳು ವರ್ಷ ಅಲೆದವರು. ಅತ್ತೆಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಸಿನಿಮಾ ಮುಗಿದ ಮೇಲೆ ಮಗಳು, ಯಾರೂ ಕೇಳದೆ, ಈ ಕೌಂಟಿಯ ಕಥೆಯನ್ನು ಅಜ್ಜಿಗೆ ಹೇಳಿದಳು. ಅವಳ ಕನ್ನಡ ಅಲ್ಲಲ್ಲಿ ಮುರಿಯುತ್ತದೆ, ‘ಕಂದಾಯ’ ಎಂಬ ಪದ ಗೊತ್ತಿಲ್ಲದೆ ನನ್ನ ಮುಖ ನೋಡಿದಳು. ಅತ್ತೆ ಸುಲಿದ ಸಿಪ್ಪೆ ಒಟ್ಟುಮಾಡುತ್ತ ಕೇಳಿಸಿಕೊಂಡರು. ಆಮೇಲೆ ಕೇಳಿದರು, ‘ಸಿನಿಮಾದವನಾದರೂ ಕೋರ್ಟಿಗೆ ಹೋದ. ಇವರು ಯಾವ ಕೋರ್ಟಿಗೆ ಹೋದರು?’

ಹೋಗಲಿಲ್ಲ ಅಜ್ಜಿ, ಎಂದಳು.

‘ಈ ನಮ್ಮ ಜಾಗ ಮೊದಲು ಯಾರದಾಗಿತ್ತು?’ ಈ ಪ್ರಶ್ನೆ ನನ್ನ ಗಂಡನಿಗೆ. ಅವರು, ಕಟ್ಟಡದ ಕಂಪನಿಯಿಂದ ಕೊಂಡದ್ದು, ಕಾಗದಪತ್ರ ಎಲ್ಲ ವಕೀಲರು ನೋಡಿದ್ದಾರೆ ಎಂದರು. ‘ಎಷ್ಟು ವರ್ಷದ್ದು ನೋಡಿದ್ದಾರೆ? ಊರಿನಲ್ಲಿ ಸೈಟು ತೆಗೆದುಕೊಂಡಾಗ ನಿನ್ನ ಅಪ್ಪ ಮೂಲಪತ್ರ ತೆಗೆಸಿ ನೋಡಿರಲಿಲ್ಲವೇ?’ ಗಂಡ ಎದ್ದು ಹೋಗಿ ಮೇಲಿನ ಕಪಾಟಿನಿಂದ ಮನೆಯ ಕಡತ ಇಳಿಸಿದರು. ನೂರ ಮೂವತ್ತು ಪುಟ. ಹಿಂದಿನ ಮಾಲೀಕರು ಎಂಬಲ್ಲಿ ಕಂಪನಿಯ ಹೆಸರು ಮಾತ್ರ ಇದೆ.

ಪರ್ಸಿನ ವಿಷಯ ಕೇಳಬೇಡಿ. ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ, ಪರ್ಸ್ ಕೋಣೆಯಲ್ಲೇ ಇತ್ತು. ರೊಟ್ಟಿ ನಾಲ್ಕು ಹಾಕಿದರು.

ಒಂದು ಪ್ರಶ್ನೆ ಉಳಿದಿದೆ. ಹಳೆಯ ಕಾರು ಅವರೇ, ಇಲ್ಲಿ 1912ರವರೆಗಿನ ಕ್ರಯಪತ್ರಗಳನ್ನು ನೋಡಬೇಕಾದರೆ ಕಮಿಂಗ್‌ನ ಕೋರ್ಟಿನಲ್ಲಿ ನಾವೇ ಹೋಗಿ ಕೇಳಬಹುದೇ, ವಕೀಲರು ಬೇಕೇ? ಅತ್ತೆ ದಿನಾ ಕೇಳುತ್ತಿದ್ದಾರೆ.